ಹತ್ತು ಗಂಟೆ ಹೂವು ಮತ್ತು ಅದರ ತಂಗಿ

ನಮ್ಮ ಕಾಲೇಜಿನ ಪ್ರಯೋಗಾಲಯದ ಮೆಟ್ಟಿಲ ಬಳಿ ಕುಂಡಗಳಲ್ಲಿ ಕೆಂಪು, ಹಳದಿ, ಗುಲಾಬಿ, ಬಿಳಿ ಹೂಗಳನ್ನು ನೀವೆಲ್ಲ ನೋಡಿರುತ್ತೀರಿ. ಬೆಳಿಗ್ಗೆ ನಾವು ಒಳಗೆ ಬರುವಾಗ ಅವು ಮುದುಡಿಕೊಂಡಿರುತ್ತವೆ. ಎರಡನೇ ಪೀರಿಯಡ್ ಮುಗಿಯುವಷ್ಟರಲ್ಲಿ ಪೂರ್ತಿ ಅರಳಿರುತ್ತವೆ. ಮಧ್ಯಾಹ್ನ ಕಳೆದರೆ ಮತ್ತೆ ಮುದುಡುತ್ತವೆ. ಮೋಡ ಕವಿದ ದಿನ ಸರಿಯಾಗಿ ಅರಳುವುದೇ ಇಲ್ಲ. ಕೆಲವರು ಇದನ್ನು ಟೇಬಲ್ ರೋಸ್ ಎನ್ನುತ್ತಾರೆ, ಕೆಲವರು ಹತ್ತು ಗಂಟೆ ಹೂವು. ಕೇರಳದಲ್ಲಿ ಪತ್ತುಮಣಿ. ಸಸ್ಯಶಾಸ್ತ್ರದ ಹೆಸರು ಪೋರ್ಚುಲಾಕ ಗ್ರ್ಯಾಂಡಿಫ್ಲೋರ. ಗುಲಾಬಿಗೂ ಇದಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ.

ಇದರ ತವರು ದಕ್ಷಿಣ ಅಮೆರಿಕ: ಅರ್ಜೆಂಟೀನ, ಉರುಗ್ವೆ, ದಕ್ಷಿಣ ಬ್ರೆಜಿಲ್‌ನ ಒಣ ಬಯಲುಗಳು. 1829ರಲ್ಲಿ ಹೂಕರ್ ಎಂಬ ಬ್ರಿಟಿಷ್ ಸಸ್ಯಶಾಸ್ತ್ರಜ್ಞ ಇದಕ್ಕೆ ಈ ವೈಜ್ಞಾನಿಕ ಹೆಸರಿಟ್ಟ. ದಾಸವಾಳದ ಕೆಂಪು ಆಂಥೋಸಯನಿನ್‌ನಿಂದ ಬಂದರೆ, ಇದರ ಬಣ್ಣ ಬೀಟಲೈನ್‌ಗಳಿಂದ ಬರುತ್ತದೆ. ಬೀಟ್‌ರೂಟ್ ಮತ್ತು ಕಾಗದದ ಹೂವಿನ ಬಣ್ಣವೂ ಅದೇ ಗುಂಪಿನದು.

ನನಗೆ ಹೂವಿಗಿಂತ ಎಲೆಯೇ ಹೆಚ್ಚು ಇಷ್ಟ. ಚಿವುಟಿದರೆ ನೀರು ಜಿನುಗುವಷ್ಟು ದಪ್ಪ. ಒಣನಾಡಿನ ಗಿಡಕ್ಕೆ ಹಗಲಲ್ಲಿ ಪತ್ರರಂಧ್ರ ತೆರೆಯುವುದೆಂದರೆ ನೀರು ಕಳೆದುಕೊಂಡಂತೆ. ಪ್ರಥಮ ಪಿಯುಸಿಯಲ್ಲಿ ಸಿ4 ಕ್ರಮವನ್ನು ಮೆಕ್ಕೆಜೋಳದ ಉದಾಹರಣೆ ಕೊಟ್ಟು ಕಲಿತಿದ್ದೇವೆ. ಪೋರ್ಚುಲಾಕಗಳೂ ಸಿ4 ಗಿಡಗಳೇ. ಆದರೆ ನೀರು ಕಡಿಮೆಯಾದರೆ ಕಳ್ಳಿಗಳಂತೆ ಇನ್ನೊಂದು ದಾರಿಯನ್ನೂ ಹಿಡಿಯುತ್ತವೆ. ರಾತ್ರಿ ಪತ್ರರಂಧ್ರ ತೆರೆದು ಇಂಗಾಲದ ಡೈಆಕ್ಸೈಡ್ ಎಳೆದುಕೊಂಡು, ಮ್ಯಾಲಿಕ್ ಆಮ್ಲವಾಗಿ ಕೂಡಿಟ್ಟು, ಹಗಲಲ್ಲಿ ಖರ್ಚು ಮಾಡುತ್ತವೆ. ಇದಕ್ಕೆ ಕ್ಯಾಮ್ ಎನ್ನುತ್ತಾರೆ. ಎರಡೂ ಕ್ರಮಗಳು ಒಂದೇ ಗಿಡದಲ್ಲಿ ಇರುವುದು ಅಪರೂಪ. ಇದೇ ಕುಲದ ಇನ್ನೊಂದು ಗಿಡದಲ್ಲಿ ಅವೆರಡೂ ಒಂದೇ ಜೀವಕೋಶದೊಳಗೆ ಬೆಸೆದುಕೊಂಡಿವೆ ಎಂದು 2022ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದರು. ಬರ ತಡೆಯುವ ಬೆಳೆಗಳನ್ನು ರೂಪಿಸಬೇಕೆನ್ನುವವರು ಇದನ್ನು ಗಮನವಿಟ್ಟು ನೋಡುತ್ತಿದ್ದಾರೆ.

ಆ ಇನ್ನೊಂದು ಗಿಡ ಯಾವುದು ಗೊತ್ತೇ? ನಮ್ಮ ಗೋಣಿ ಸೊಪ್ಪು! ಹೂವು ಚಿಕ್ಕದು, ಹಳದಿ; ಯಾರ ಕಣ್ಣಿಗೂ ಬೀಳುವುದಿಲ್ಲ. ಅಕ್ಕನಿಗೆ ಬಣ್ಣ ಬಳಿದ ಕುಂಡ, ತಂಗಿಗೆ ಕುರ್ಪಿ. ನಮ್ಮ ಹಾಸ್ಟೆಲ್ ಹಿಂದೆ ಕಳೆ ಕೀಳುವ ದಿನ ಇದು ಬುಟ್ಟಿಗಟ್ಟಲೆ ಕಸಕ್ಕೆ ಹೋಗುತ್ತದೆ. ಉರ್ದುವಿನಲ್ಲಿ ಇದೇ ಕುಲ್ಫಾ. ನಮ್ಮ ದಾದಿ ಬೇಳೆ ಜೊತೆ ಬೇಯಿಸುತ್ತಾರೆ, ಒಮ್ಮೊಮ್ಮೆ ಗೋಶ್ತ್ ಜೊತೆಗೂ. ಲೆಬನಾನ್, ಸಿರಿಯಾ ಕಡೆ ಫತ್ತೂಷ್ ಎಂಬ ಸಲಾಡ್‌ಗೆ ಹಸಿಯಾಗಿಯೇ ಹಾಕುತ್ತಾರೆ. ಅರಬ್ಬಿಯಲ್ಲಿ ಇದಕ್ಕೆ ದಡ್ಡ ಸೊಪ್ಪು ಎಂಬರ್ಥದ ಹೆಸರೂ ಇದೆ. ಪಾಪ, ಸೊಪ್ಪಿನದೇನು ತಪ್ಪು! ಮೀನಿನಿಂದ ಸಿಗುವ ಒಮೇಗಾ-3 ಗುಂಪಿನದೇ ಒಂದು ಕೊಬ್ಬಿನಾಮ್ಲ ಇದರಲ್ಲಿ ಬೇರೆ ಸೊಪ್ಪುಗಳಿಗಿಂತ ಹೆಚ್ಚು. ಮುಂಜಾನೆ ಕಿತ್ತ ಸೊಪ್ಪು ಸಂಜೆಯದಕ್ಕಿಂತ ಹುಳಿ ಇದ್ದರೆ ಅದು ರಾತ್ರಿ ಕೂಡಿಟ್ಟ ಆ ಆಮ್ಲದ ರುಚಿ.

ಎರಡು ಎಚ್ಚರಿಕೆ. ಆಕ್ಸಲೇಟ್ ಹೆಚ್ಚಿರುವುದರಿಂದ ಮೂತ್ರಪಿಂಡದಲ್ಲಿ ಕಲ್ಲು ಇರುವವರಿಗೆ ಇದು ಬೇಡ. ನೆಲಕ್ಕೆ ಹಬ್ಬುವ ಇನ್ನೊಂದು ಜಾತಿಯ ಕಳೆ ನೋಡಲು ಹೀಗೇ ಇರುತ್ತದೆ. ದಂಟು ಮುರಿದಾಗ ಬಿಳಿ ಹಾಲು ಬಂದರೆ ಅದನ್ನು ತಿನ್ನಬಾರದು. ಕುಂಡದ ಹೂವನ್ನು ಅಂದಕ್ಕೇ ಬಿಡಿ, ನರ್ಸರಿಯಲ್ಲಿ ಅದಕ್ಕೆ ಏನು ಸಿಂಪಡಿಸಿರುತ್ತಾರೋ.

ಬೆಳೆಸುವುದು ಸುಲಭ. ಬೆರಳುದ್ದದ ಕಡ್ಡಿ ಮುರಿದು ಮರಳು ಬೆರೆತ ಮಣ್ಣಿಗೆ ಚುಚ್ಚಿ, ಬಿಸಿಲಿಗಿಡಿ. ದಿನಾ ನೀರು ಹಾಕಿದರೆ ಬೇರು ಕೊಳೆಯುತ್ತದೆ. ಹೂ ಅರಳಿದಾಗ ಒಣ ಹುಲ್ಲುಕಡ್ಡಿಯಿಂದ ಒಳಗಿನ ಕೇಸರಗಳನ್ನು ಒಂದು ಬದಿಯಿಂದ ಮೆಲ್ಲಗೆ ಮುಟ್ಟಿ. ಅವು ಅಲುಗುತ್ತವೆ. ಯಾವ ಕಡೆಗೆ ಬಾಗುತ್ತವೆ ಎಂದು ನೋಡಿ ರೆಕಾರ್ಡ್ ಪುಸ್ತಕದಲ್ಲಿ ಬರೆದಿಡಿ.