ಹಳೆಯ ಕಾರಿಗೆ ಯಾವ ಟ್ಯೂಬು?

ಹಳೆಯ ಕಾರುಗಳ ಪ್ರದರ್ಶನಕ್ಕೆ ಹೋದವರು ಏನನ್ನು ನೋಡುತ್ತಾರೆ? ಹೊಳೆಯುವ ಬಣ್ಣ, ದುಂಡನೆಯ ದೀಪಗಳು, ಮರದ ಫಲಕ, ಚರ್ಮದ ಆಸನ ಇವನ್ನೆಲ್ಲ ನೋಡಿ ಮೆಚ್ಚುತ್ತಾರೆ. ಆ ಕಾರಿನ ಭಾರವನ್ನೆಲ್ಲ ಹೊತ್ತ ಗಾಳಿ ಒಂದು ತೆಳುವಾದ ರಬ್ಬರಿನ ಚೀಲದೊಳಗೆ ಇದೆ ಎಂಬುದು ಯಾರಿಗೂ ಹೊಳೆಯುವುದಿಲ್ಲ. ಆ ಚೀಲವೇ ಟ್ಯೂಬು. ಇಂದಿನ ಹೊಸ ಕಾರುಗಳಲ್ಲಿ ಟ್ಯೂಬು ಇರುವುದಿಲ್ಲ. ಹಳೆಯ ಕಾರುಗಳಿಗೆ ಮಾತ್ರ ಅದು ಇನ್ನೂ ಬೇಕು.

ನಮ್ಮ ತಂದೆಯವರು 1964ರಲ್ಲಿ ಕೊಂಡ ಅಂಬಾಸಿಡರ್ ಕಾರು ಈಗಲೂ ನಮ್ಮ ಮನೆಯಲ್ಲಿದೆ. ಕೆಲವು ವರ್ಷಗಳ ಹಿಂದೆ ಅದರ ಮುಂದಿನ ಚಕ್ರಗಳಿಗೆ ಹೊಸ ಟ್ಯೂಬು ಹಾಕಿಸಿದೆ. ಸರಿಯಾದ ಗಾತ್ರದ್ದು ಸಿಗಲಿಲ್ಲ. ಅದೇ 15 ಅಂಗುಲದ ರಿಮ್ಮಿನ, ಆದರೆ ಹೆಚ್ಚು ಅಗಲವಾದ ಟೈರಿನ ಟ್ಯೂಬು ಸಿಕ್ಕಿತು. ‘ದಪ್ಪವಾಗಿದೆ, ದೊಡ್ಡದೂ ಆಗಿದೆ, ಒಳ್ಳೆಯದೇ ಆಯಿತು’ ಎಂದುಕೊಂಡೆ. ಮೂರು ತಿಂಗಳಾದ ಮೇಲೆ ನಂಜನಗೂಡಿನ ರಸ್ತೆಯಲ್ಲಿ ಮುಂದಿನ ಎಡ ಚಕ್ರದ ಗಾಳಿ ಒಮ್ಮೆಲೇ ಇಳಿಯಿತು. ಸ್ಟೀರಿಂಗು ಎಡಕ್ಕೆ ಎಳೆಯಿತು. ವೇಗ ಕಡಿಮೆ ಇದ್ದುದರಿಂದ, ಎದುರಿಗೆ ಬಸ್ಸು ಇಲ್ಲದಿದ್ದುದರಿಂದ ಪಾರಾದೆವು. ಪಂಕ್ಚರ್ ಅಂಗಡಿಯಲ್ಲಿ ಟೈರು ಬಿಚ್ಚಿದಾಗ ಮೊಳೆಯಿಲ್ಲ, ಗಾಜಿಲ್ಲ. ಟ್ಯೂಬಿನ ಮೇಲೆ ಗೆರೆ ಎಳೆದಂತೆ ಒಂದು ಮಡಿಕೆ, ಆ ಮಡಿಕೆಯ ಉದ್ದಕ್ಕೂ ಒಂದು ಸೀಳು. ತಪ್ಪು ಟ್ಯೂಬಿನದ್ದಲ್ಲ, ಆರಿಸಿದ ನನ್ನದೇ. ನಾಲ್ಕು ದಶಕ ಭೌತವಿಜ್ಞಾನ ಓದಿದವನು ಮೊದಲೇ ಯೋಚಿಸಬೇಕಾಗಿದ್ದ ವಿಷಯವನ್ನು ಈ ಲೇಖನದಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಟ್ಯೂಬು ಭಾರ ಹೊರುವುದಿಲ್ಲ

ಮೊದಲು ಒಂದು ಲೆಕ್ಕ. ಅಂಬಾಸಿಡರ್ ಟೈರಿನ ಮೂಲ ಗಾತ್ರ 5.90-15. ಅಂದರೆ ಟೈರಿನ ಅಡ್ಡ ಅಗಲ 5.9 ಅಂಗುಲ (ಸುಮಾರು 15 ಸೆಂ.ಮೀ.), ರಿಮ್ಮಿನ ವ್ಯಾಸ 15 ಅಂಗುಲ. ಚಕ್ರದಲ್ಲಿ 28 ಪೌಂಡು ಗಾಳಿ ಇದೆ ಎಂದಿಟ್ಟುಕೊಳ್ಳಿ. ಆಗ ಒಳಮೈಯ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು 2 ಕಿಲೋಗ್ರಾಂ ಭಾರದಷ್ಟು ಒತ್ತಡ ಬೀಳುತ್ತದೆ. ಅಡ್ಡಕೊಯ್ತದ ತ್ರಿಜ್ಯ 7.5 ಸೆಂ.ಮೀ. ಒತ್ತಡವನ್ನು ತ್ರಿಜ್ಯದಿಂದ ಗುಣಿಸಿದರೆ ಗೋಡೆಯ ಪ್ರತಿ ಸೆಂಟಿಮೀಟರ್ ಉದ್ದಕ್ಕೆ ಸುಮಾರು 15 ಕಿಲೋಗ್ರಾಂ ಎಳೆತ ಎಂದಾಗುತ್ತದೆ. 2 ಮಿ.ಮೀ. ದಪ್ಪದ ಟ್ಯೂಬೊಂದೇ ಇದನ್ನು ತಡೆಯಬೇಕಾದರೆ ರಬ್ಬರಿನ ಪ್ರತಿ ಚದರ ಸೆಂಟಿಮೀಟರು 75 ಕಿಲೋಗ್ರಾಂ ಎಳೆತಕ್ಕೆ ಸಿಕ್ಕುತ್ತದೆ. ಅಷ್ಟು ಎಳೆತಕ್ಕೆ ಮೆದು ರಬ್ಬರು ಹಲವು ಪಟ್ಟು ಹಿಗ್ಗುತ್ತದೆ. ಹಿಗ್ಗಿದಷ್ಟೂ ತ್ರಿಜ್ಯ ಹೆಚ್ಚುತ್ತದೆ, ಗೋಡೆ ತೆಳುವಾಗುತ್ತದೆ, ಕೊನೆಗೆ ಒಡೆಯುತ್ತದೆ. ಟೈರಿನ ಹೊರಗೆ ಟ್ಯೂಬಿಗೆ ಹೆಚ್ಚು ಗಾಳಿ ಹೊಡೆಯಬಾರದು ಎನ್ನುವುದು ಇದೇ ಕಾರಣಕ್ಕೆ.

ಹಾಗಾದರೆ ಎಳೆತವನ್ನು ತಡೆಯುವುದು ಯಾವುದು? ಟೈರಿನೊಳಗಿನ ನೂಲಿನ ಪದರಗಳು ಮತ್ತು ಅಂಚಿನ ಉಕ್ಕಿನ ತಂತಿ. ಟ್ಯೂಬಿನ ಕೆಲಸ ಒಂದೇ: ಗಾಳಿ ಹೊರಹೋಗದಂತೆ ನೋಡಿಕೊಳ್ಳುವುದು. ಆದ್ದರಿಂದ ‘ದಪ್ಪ ಟ್ಯೂಬು ಗಟ್ಟಿ ಟ್ಯೂಬು’ ಎಂಬ ನಂಬಿಕೆಗೆ ಹೆಚ್ಚಿನ ಆಧಾರವಿಲ್ಲ. ಟ್ಯೂಬಿನ ವಿಶ್ವಾಸಾರ್ಹತೆಯನ್ನು ನಿರ್ಧರಿಸುವುದು ನಾಲ್ಕು ಸಂಗತಿಗಳು: ಅದರ ರಬ್ಬರು, ಅದರ ಗಾತ್ರ, ಅದರ ವಾಲ್ವು ಮತ್ತು ಅದು ಯಾವುದಕ್ಕೆ ಉಜ್ಜಿಕೊಳ್ಳುತ್ತದೆ ಎಂಬುದು.

ಯಾವ ರಬ್ಬರು?

1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದಾಗ ಇದ್ದುದು ಮರದ ಹಾಲಿನಿಂದ ಬಂದ ಸಹಜ ರಬ್ಬರು ಮಾತ್ರ. 1937ರಲ್ಲಿ ಅಮೆರಿಕದ ರಸಾಯನ ವಿಜ್ಞಾನಿಗಳಾದ ವಿಲಿಯಂ ಸ್ಪಾರ್ಕ್ಸ್ ಮತ್ತು ರಾಬರ್ಟ್ ಥಾಮಸ್ ಬ್ಯೂಟೈಲ್ ಎಂಬ ಕೃತಕ ರಬ್ಬರನ್ನು ತಯಾರಿಸಿದರು. ಐಸೊಬ್ಯೂಟಿಲೀನ್ ಅಣುಗಳ ಉದ್ದನೆಯ ಸರಪಳಿಗೆ ಅಲ್ಪ ಪ್ರಮಾಣದ ಐಸೊಪ್ರೀನ್ ಸೇರಿಸಿದರೆ ಬರುವುದೇ ಈ ರಬ್ಬರು.

ಗಾಳಿಯ ಅಣುಗಳು ರಂಧ್ರವಿಲ್ಲದ ರಬ್ಬರಿನ ಮೂಲಕವೂ ನುಸುಳುತ್ತವೆ. ರಬ್ಬರಿನ ಸರಪಳಿಗಳು ಸದಾ ಅಲುಗಾಡುತ್ತ ಸಣ್ಣ ಸಣ್ಣ ಬಿಡುವುಗಳನ್ನು ಮಾಡಿಕೊಡುತ್ತವೆ. ಗಾಳಿಯ ಅಣು ಒಂದು ಬಿಡುವಿನಿಂದ ಇನ್ನೊಂದಕ್ಕೆ ಜಿಗಿಯುತ್ತ ಹೊರಬರುತ್ತದೆ. ಬ್ಯೂಟೈಲ್ ಸರಪಳಿಯಲ್ಲಿ ಒತ್ತೊತ್ತಾಗಿ ಮಿಥೈಲ್ ಗುಂಪುಗಳಿರುವುದರಿಂದ ಈ ಅಲುಗಾಟ ನಿಧಾನ. ಅದರ ಮೂಲಕ ಗಾಳಿ ನುಸುಳುವ ದರ ಸಹಜ ರಬ್ಬರಿಗೆ ಹೋಲಿಸಿದರೆ ಸುಮಾರು ಹತ್ತನೆಯ ಒಂದು ಭಾಗದಷ್ಟು. ಅಲ್ಲದೆ ಸಹಜ ರಬ್ಬರಿನ ಸರಪಳಿಯ ತುಂಬ ಜೋಡಿ ಬಂಧಗಳಿವೆ. ಆಮ್ಲಜನಕ ಮತ್ತು ಓಜೋನ್ ಅವುಗಳ ಮೇಲೆ ದಾಳಿ ಮಾಡಿ ರಬ್ಬರನ್ನು ಬಿರುಕು ಬಿಡಿಸುತ್ತವೆ. ಬ್ಯೂಟೈಲಿನಲ್ಲಿ ಅಂತಹ ಬಂಧಗಳು ಬಹಳ ಕಡಿಮೆ.

ಇದನ್ನು ಮನೆಯಲ್ಲೇ ನೋಡಬಹುದು. ಪಂಕ್ಚರ್ ಅಂಗಡಿಯಿಂದ ಹಳೆಯ ಬ್ಯೂಟೈಲ್ ಟ್ಯೂಬಿನ ಪಟ್ಟಿಯೊಂದನ್ನು ತನ್ನಿ. ಅದನ್ನೂ ಒಂದು ಸಾಧಾರಣ ರಬ್ಬರ್ ಬ್ಯಾಂಡನ್ನೂ ಎಳೆದು ಬಿಡಿ. ರಬ್ಬರ್ ಬ್ಯಾಂಡು ಪಟ್ಟನೆ ಹಿಂದಿರುಗುತ್ತದೆ. ಬ್ಯೂಟೈಲ್ ಪಟ್ಟಿ ಸೋಮಾರಿಯಂತೆ ನಿಧಾನವಾಗಿ ಕುಗ್ಗುತ್ತದೆ. ಪಟ್ಟಿಯನ್ನು ಬಿಸಿನೀರಿನಲ್ಲಿ ಅದ್ದಿ ಮತ್ತೆ ಎಳೆಯಿರಿ. ಈಗ ಅದೂ ಚುರುಕಾಗಿರುತ್ತದೆ. ಸರಪಳಿಗಳ ಅಲುಗಾಟ ಉಷ್ಣತೆಯೊಂದಿಗೆ ಹೆಚ್ಚುವುದೇ ಇದಕ್ಕೆ ಕಾರಣ.

ಹಳೆಯ ಕಾರಿಗೆ ಈ ಗುಣ ಏಕೆ ಮುಖ್ಯ? ಅಂತಹ ಕಾರು ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ಸಹಜ ರಬ್ಬರಿನ ಟ್ಯೂಬಿನಲ್ಲಿ ಕೆಲವೇ ವಾರಗಳಲ್ಲಿ ಗಾಳಿ ಇಳಿಯುತ್ತದೆ, ಟೈರು ಚಪ್ಪಟೆಯಾಗುತ್ತದೆ, ಮಡಿಸಿಕೊಂಡ ಟೈರಿನ ನಡುವೆ ಟ್ಯೂಬು ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಬ್ಯೂಟೈಲ್ ಟ್ಯೂಬನ್ನೇ ಕೇಳಿ. ‘ಹಳೆಯ ದಾಸ್ತಾನು, ಒಮ್ಮೆಯೂ ಬಳಸಿಲ್ಲ’ ಎಂಬ ಮಾತಿಗೆ ಮರುಳಾಗಬೇಡಿ. ಬಳಸದೆ ಇಟ್ಟರೂ ರಬ್ಬರಿಗೆ ವಯಸ್ಸಾಗುತ್ತದೆ. ಪೆಟ್ಟಿಗೆಯಲ್ಲಿ ಮಡಿಸಿಟ್ಟ ಟ್ಯೂಬನ್ನು ಬಿಡಿಸಿ, ಮಡಿಕೆಯ ಜಾಗವನ್ನು ಬೆರಳಿನಿಂದ ಹಿಗ್ಗಿಸಿ ನೋಡಿ. ಸಣ್ಣ ಬಿರುಕು ಕಂಡರೆ ಹಿಂದಿರುಗಿಸಿ.

ದೊಡ್ಡದೂ ಬೇಡ, ಚಿಕ್ಕದೂ ಬೇಡ

ಟೈರಿನ ಒಳಗಿನ ಅಡ್ಡ ಸುತ್ತಳತೆ 40 ಸೆಂ.ಮೀ. ಇದೆ ಎನ್ನೋಣ. 34 ಸೆಂ.ಮೀ. ಸುತ್ತಳತೆಯ, 2 ಮಿ.ಮೀ. ದಪ್ಪದ ಟ್ಯೂಬು ಅದರೊಳಗೆ ಹಿಗ್ಗಿ ಕುಳಿತಾಗ ದಪ್ಪ ಸುಮಾರು 1.7 ಮಿ.ಮೀ.ಗೆ ಇಳಿಯುತ್ತದೆ. ಹಿಗ್ಗಿದರೂ ರಬ್ಬರಿನ ಗಾತ್ರ ಬದಲಾಗದು. ಅಗಲ ಹೆಚ್ಚಿದಷ್ಟು ದಪ್ಪ ಕಡಿಮೆಯಾಗಬೇಕು. ಅದೇ 25 ಸೆಂ.ಮೀ. ಸುತ್ತಳತೆಯ ಚಿಕ್ಕ ಟ್ಯೂಬು ಹಾಕಿದರೆ ದಪ್ಪ 1.25 ಮಿ.ಮೀ. ಆಗುತ್ತದೆ. ಗಾಳಿ ನುಸುಳುವ ದರ ದಪ್ಪಕ್ಕೆ ವಿಲೋಮ ಅನುಪಾತದಲ್ಲಿರುವುದರಿಂದ ಅದು ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಏರುತ್ತದೆ. ಇನ್ನೂ ದೊಡ್ಡ ಅಪಾಯವೆಂದರೆ ಬಿಗಿಯಾಗಿ ಎಳೆದ ರಬ್ಬರಿಗೆ ಸಣ್ಣ ಮೊಳೆ ತಾಗಿದರೂ ಅದು ಉದ್ದಕ್ಕೆ ಸೀಳುತ್ತದೆ.

46 ಸೆಂ.ಮೀ. ಸುತ್ತಳತೆಯ ದೊಡ್ಡ ಟ್ಯೂಬು ಹಾಕಿದರೆ? 6 ಸೆಂ.ಮೀ. ರಬ್ಬರಿಗೆ ಜಾಗವಿಲ್ಲ. ಅದು ಎಲ್ಲೋ ಒಂದು ಕಡೆ ಮಡಿಸಿಕೊಳ್ಳಲೇಬೇಕು. ಅಂಬಾಸಿಡರ್ ಚಕ್ರ ಒಂದು ಕಿಲೋಮೀಟರಿಗೆ ಸುಮಾರು 480 ಸುತ್ತು ತಿರುಗುತ್ತದೆ. ಪ್ರತಿ ಸುತ್ತಿಗೂ ಟೈರು ನೆಲಕ್ಕೆ ತಾಗುವ ಕಡೆ ಬಾಗಿ ಮತ್ತೆ ನೇರವಾಗುತ್ತದೆ. 100 ಕಿಲೋಮೀಟರ್ ಪ್ರಯಾಣದಲ್ಲಿ ಆ ಮಡಿಕೆ 48,000 ಸಲ ತನ್ನನ್ನೇ ತಾನು ಉಜ್ಜಿಕೊಳ್ಳುತ್ತದೆ. ನಮ್ಮ ಕಾರಿಗೆ ಆದದ್ದು ಇದೇ.

ಟ್ಯೂಬಿನ ಮೇಲೆ ಅದು ಹೊಂದುವ ಟೈರುಗಳ ಗಾತ್ರಗಳನ್ನು ಅಚ್ಚು ಹಾಕಿರುತ್ತಾರೆ. ನಿಮ್ಮ ಟೈರಿನ ಗಾತ್ರ ಅದರಲ್ಲಿ ಇರಲೇಬೇಕು. ರೇಡಿಯಲ್ ಟೈರು ಹಾಕಿದ್ದರೆ ಟ್ಯೂಬಿನ ಮೇಲೂ ರೇಡಿಯಲ್ ಎಂಬ ಗುರುತು ಇರಲಿ. ರೇಡಿಯಲ್ ಟೈರಿನ ಪಕ್ಕಗಳು ಹೆಚ್ಚು ಬಾಗುವುದರಿಂದ ಟ್ಯೂಬು ಹೆಚ್ಚು ದುಡಿಯಬೇಕಾಗುತ್ತದೆ. ನಮ್ಮ ದೇಶದಲ್ಲಿ ವಾಹನಗಳ ಟ್ಯೂಬುಗಳಿಗೆ ಐ.ಎಸ್. 13098 ಎಂಬ ಮಾನಕವಿದೆ. ಐಎಸ್‌ಐ ಮುದ್ರೆಯನ್ನೂ ನೋಡಿಕೊಳ್ಳಿ.

ವಾಲ್ವಿನ ಅಳತೆ

ರಿಮ್ಮಿನಲ್ಲಿ ವಾಲ್ವಿಗಾಗಿ ಇರುವ ತೂತನ್ನು ಅಳೆಯದೆ ಟ್ಯೂಬು ಕೊಳ್ಳಬೇಡಿ. ರಬ್ಬರ್ ಕಾಂಡದ ವಾಲ್ವುಗಳಲ್ಲಿ ಎರಡು ಬಗೆ ಸಾಮಾನ್ಯ. ಟಿಆರ್ 13 ಎಂಬುದು ಸುಮಾರು 11.5 ಮಿ.ಮೀ. ತೂತಿಗೆ, ಟಿಆರ್ 15 ಎಂಬುದು ಸುಮಾರು 16 ಮಿ.ಮೀ. ತೂತಿಗೆ. ದೊಡ್ಡ ತೂತಿಗೆ ಸಣ್ಣ ವಾಲ್ವು ಹಾಕಿದರೆ ಸುತ್ತ ಉಳಿಯುವ ಸಂದಿಯೊಳಕ್ಕೆ ಒತ್ತಡ ಟ್ಯೂಬನ್ನು ತಳ್ಳುತ್ತದೆ. ತೂತಿನ ಹರಿತವಾದ ಅಂಚು ವಾಲ್ವಿನ ಬುಡವನ್ನು ಕತ್ತರಿಸುತ್ತದೆ. ಬೇರೆ ವಾಲ್ವು ಸಿಗದಿದ್ದರೆ ಸಂದಿ ಮುಚ್ಚುವ ಬುಷ್ ಹಾಕಿಸಲೇಬೇಕು.

ಓಡುತ್ತ ಓಡುತ್ತ ವಾಲ್ವು ಓರೆಯಾದರೆ ಅದೊಂದು ಎಚ್ಚರಿಕೆ. ಗಾಳಿ ಕಡಿಮೆಯಾದಾಗ ಟೈರು ರಿಮ್ಮನ್ನು ಬಿಗಿಯಾಗಿ ಹಿಡಿಯುವುದಿಲ್ಲ. ಬ್ರೇಕ್ ಹಾಕಿದಾಗ ಅದು ರಿಮ್ಮಿನ ಮೇಲೆ ಜಾರಿ ಟ್ಯೂಬನ್ನೂ ಎಳೆದೊಯ್ಯುತ್ತದೆ.

ನೆರೆಹೊರೆ ಹೇಗಿದೆ?

ಟ್ಯೂಬು ಎಷ್ಟೇ ಚೆನ್ನಾಗಿದ್ದರೂ ನೆರೆಹೊರೆ ಕೆಟ್ಟಿದ್ದರೆ ಬಾಳದು. ರಿಮ್ಮಿನ ತುಕ್ಕನ್ನು ಉಜ್ಜಿ ತೆಗೆದು ಬಣ್ಣ ಹಚ್ಚಿಸಿ. ಕಡ್ಡಿ ಚಕ್ರವಾದರೆ ಕಡ್ಡಿಗಳ ತುದಿ ಟ್ಯೂಬಿಗೆ ಚುಚ್ಚದಂತೆ ರಬ್ಬರ್ ಪಟ್ಟಿ ಇರಬೇಕು. ಟೈರಿನ ಒಳಮೈಯನ್ನು ಕೈಯಿಂದ ಸವರಿ ನೋಡಿ. ಟ್ಯೂಬಿಲ್ಲದ ಬಳಕೆಗೆಂದು ಮಾಡಿದ ಟೈರುಗಳಲ್ಲಿ ಒಳಗೆ ಸಣ್ಣ ಏಣುಗಳಿರಬಹುದು, ಕಾಗದದ ಚೀಟಿ ಅಂಟಿಸಿರಬಹುದು. ಇವೂ ಟ್ಯೂಬನ್ನು ಸವೆಸುತ್ತವೆ.

‘ಟ್ಯೂಬೇ ಬೇಡ, ಟ್ಯೂಬ್‌ಲೆಸ್ ಮಾಡಿದರಾಯಿತಲ್ಲ?’ ಎಂದು ನೀವು ಕೇಳಬಹುದು. ಹೊಸ ರಿಮ್ಮುಗಳಲ್ಲಿ ಟೈರಿನ ಅಂಚು ಒಳಕ್ಕೆ ಜಾರದಂತೆ ತಡೆಯುವ ಉಬ್ಬು ಇರುತ್ತದೆ. ಹಳೆಯ ರಿಮ್ಮುಗಳಲ್ಲಿ ಸಾಮಾನ್ಯವಾಗಿ ಅದಿಲ್ಲ. ಕೆಲವುಗಳಲ್ಲಿ ರಿವೆಟ್ಟುಗಳ ಸಂದಿಯಿಂದಲೇ ಗಾಳಿ ಸೋರುತ್ತದೆ. ಆದ್ದರಿಂದ ಅವುಗಳಿಗೆ ಟ್ಯೂಬೇ ಸರಿ.

ಕೂರಿಸುವ ಕ್ರಮ

ಟ್ಯೂಬಿಗೆ ಅದು ದುಂಡಗಾಗುವಷ್ಟು ಮಾತ್ರ ಗಾಳಿ ತುಂಬಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿ; ಬೆಸುಗೆಯ ಜಾಗ ಮತ್ತು ವಾಲ್ವಿನ ಬುಡವನ್ನು ವಿಶೇಷವಾಗಿ ನೋಡಿ. ಒರೆಸಿ, ಒಣಗಿಸಿ, ತೆಳುವಾಗಿ ಟಾಲ್ಕ್ ಪುಡಿ ಸವರಿ ಟೈರಿನೊಳಗೆ ಕೂರಿಸಿ. ಟೈರಿನ ಅಂಚು ರಿಮ್ಮಿನಲ್ಲಿ ಸರಿಯಾಗಿ ಕೂರುವವರೆಗೆ ಗಾಳಿ ಹೊಡೆಸಿ. ಆಮೇಲೆ ಅಷ್ಟನ್ನೂ ಬಿಟ್ಟುಬಿಡಿ! ಮತ್ತೆ ತುಂಬಿಸಿ. ಇದು ವ್ಯರ್ಥ ಕೆಲಸವಲ್ಲ. ಮೊದಲ ಸಲ ತುಂಬುವಾಗ ಟ್ಯೂಬಿನ ಕೆಲವು ಭಾಗಗಳು ಬೇಗ ಟೈರಿಗೆ ಒತ್ತಿ, ಘರ್ಷಣೆಯಿಂದ ಅಲ್ಲೇ ಅಂಟಿ ನಿಲ್ಲುತ್ತವೆ. ಉಳಿದ ಭಾಗ ಹೆಚ್ಚು ಹಿಗ್ಗಬೇಕಾಗುತ್ತದೆ. ಗಾಳಿ ಬಿಟ್ಟಾಗ ಹಿಡಿತ ಸಡಿಲಿ ಟ್ಯೂಬು ಸರಿಯಾಗಿ ಹರಡಿಕೊಳ್ಳುತ್ತದೆ.

ಗಾಳಿಯ ಅಳತೆಯನ್ನು ಚಕ್ರ ತಣ್ಣಗಿರುವಾಗಲೇ ತೆಗೆದುಕೊಳ್ಳಿ. 27 ಡಿಗ್ರಿ ಸೆಲ್ಸಿಯಸ್‌ನಲ್ಲಿ 28 ಪೌಂಡು ತೋರಿಸಿದ ಚಕ್ರ 60 ಡಿಗ್ರಿಗೆ ಕಾದರೆ ಸುಮಾರು 32.7 ಪೌಂಡು ತೋರಿಸುತ್ತದೆ. ವಾಯುಮಂಡಲದ 14.7 ಪೌಂಡನ್ನು ಸೇರಿಸಿ, ಕೆಲ್ವಿನ್ ಮಾನದಲ್ಲಿ 333/300ರಿಂದ ಗುಣಿಸಿ, ಮತ್ತೆ 14.7 ಕಳೆದು ನೀವೇ ತಾಳೆ ನೋಡಿ. ಈ ಏರಿಕೆ ಸಹಜ. ಬಿಸಿಯಲ್ಲಿ ‘ಹೆಚ್ಚಾಗಿದೆ’ ಎಂದು ಗಾಳಿ ಬಿಟ್ಟರೆ ತಣ್ಣಗಾದಾಗ ಕಡಿಮೆಯಾಗುತ್ತದೆ. ಕಡಿಮೆ ಗಾಳಿಯ ಟೈರು ಹೆಚ್ಚು ಬಾಗಿ ಇನ್ನಷ್ಟು ಕಾಯುತ್ತದೆ.

ನಮ್ಮ ದೇಶದಲ್ಲಿ 2021ರ ನಿಯಮಗಳ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ವಾಹನಕ್ಕೆ ‘ವಿಂಟೇಜ್’ ಎಂಬ ಪ್ರತ್ಯೇಕ ನೋಂದಣಿಯ ಅವಕಾಶವಿದೆ. ಅಂತಹ ಕಾರನ್ನು ಉಳಿಸಿಕೊಂಡವರು ಬಣ್ಣಕ್ಕೆ, ಎಂಜಿನಿಗೆ ಎಷ್ಟೋ ಖರ್ಚು ಮಾಡುತ್ತಾರೆ. ಅದಕ್ಕೆ ಹೋಲಿಸಿದರೆ ಟ್ಯೂಬಿನ ಬೆಲೆ ಏನೇನೂ ಅಲ್ಲ. ಮೊಳೆ ಚುಚ್ಚಿದ ಟ್ಯೂಬ್‌ಲೆಸ್ ಟೈರಿನಲ್ಲಿ ಗಾಳಿ ಸಾಮಾನ್ಯವಾಗಿ ನಿಧಾನವಾಗಿ ಇಳಿಯುತ್ತದೆ. ಟ್ಯೂಬು ಸೀಳಿದರೆ ಗಾಳಿ ವಾಲ್ವಿನ ತೂತಿನ ಸುತ್ತಲಿಂದ ಕ್ಷಣದಲ್ಲಿ ಹೊರಟುಹೋಗುತ್ತದೆ. ಚಾಲಕನಿಗೆ ಯೋಚಿಸಲು ಸಮಯ ಸಿಗುವುದಿಲ್ಲ. ಆದ್ದರಿಂದ ಅಂಗಡಿಗೆ ಹೋಗುವ ಮುನ್ನ ಟೈರಿನ ಗಾತ್ರವನ್ನೂ ವಾಲ್ವಿನ ತೂತಿನ ಅಳತೆಯನ್ನೂ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಅದಕ್ಕೆ ಹೊಂದುವ ಟ್ಯೂಬು ಸಿಗದಿದ್ದರೆ ಬರಿಗೈಯಲ್ಲಿ ಹಿಂದಿರುಗಿ. ಕಾರು ಇನ್ನೊಂದು ತಿಂಗಳು ಮನೆಯಲ್ಲೇ ನಿಂತಿರಲಿ.