ಸಣ್ಣ ಹಾಯಿನೌಕೆಯಲ್ಲಿ ಸಾಗರಯಾನ

ಬಯಲುಸೀಮೆಯವರಾದ ನಮಗೆ ನೀರಿನ ಪ್ರಯಾಣವೆಂದರೆ ಕಪಿಲೆಯನ್ನೋ ತುಂಗಭದ್ರೆಯನ್ನೋ ಹರಿಗೋಲಿನಲ್ಲಿ ದಾಟುವುದು. ಕಡಲನ್ನು ನಾವು ಮಂಗಳೂರಿನಲ್ಲಿಯೋ ಕಾರವಾರದಲ್ಲಿಯೋ ದಡದಲ್ಲಿ ನಿಂತು ನೋಡಿ, ಅಲೆಗೆ ಪಾದವನ್ನೊಡ್ಡಿ ಹಿಂದಿರುಗಿದವರು. ಹೀಗಿರುವಾಗ, ಮೂವತ್ತು ಅಡಿ ಉದ್ದದ ಒಂದು ಹಾಯಿನೌಕೆಯಲ್ಲಿ ಒಬ್ಬರೋ ಇಬ್ಬರೋ ಕುಳಿತು ಮಹಾಸಾಗರವನ್ನು ದಾಟುತ್ತಾರೆಂದರೆ ಅದು ಹುಚ್ಚೆಂದು ತೋರುವುದು ಸಹಜವೇ. ಹುಚ್ಚಿನ ಅಂಶವೇ ಇಲ್ಲವೆಂದು ನಾವೂ ಹೇಳಲಾರೆವು. ಆದರೆ ಈ ಹುಚ್ಚಿಗೆ ಒಂದು ಶಾಸ್ತ್ರವುಂಟು. ಅದಕ್ಕೂ ಮಿಗಿಲಾಗಿ, ಮದುವೆಯ ಮನೆಯ ಸಾಮಗ್ರಿಯ ಪಟ್ಟಿಯಂತೆ ತಿಂಗಳುಗಟ್ಟಲೆ ಕುಳಿತು ಬರೆಯತಕ್ಕ ಲೆಕ್ಕಾಚಾರವುಂಟು. ಅದನ್ನೇ ಇಂದು ವಿವರಿಸುತ್ತೇವೆ.

ಮೊಟ್ಟಮೊದಲು ಕೇಳಬೇಕಾದ ಪ್ರಶ್ನೆ, ಅಷ್ಟು ಸಣ್ಣ ದೋಣಿ ಮುಳುಗದೆ ಹೇಗೆ ಉಳಿಯುತ್ತದೆ ಎಂಬುದು. ಬಿರಡೆ ಹಾಕಿದ ಸೀಸೆಯೊಂದನ್ನು ಎಂಥ ಅಲೆಯ ಮೇಲೆಸೆದರೂ ಅದು ಏರುತ್ತ ಇಳಿಯುತ್ತ ತೇಲುತ್ತಿರುತ್ತದೆ. ಅಲೆಯನ್ನು ಎದುರಿಸಿ ನಿಲ್ಲುವ ಗೊಡವೆ ಅದಕ್ಕಿಲ್ಲ. ಸಾಗರಕ್ಕೆ ಯೋಗ್ಯವಾದ ನೌಕೆಯೂ ಹೀಗೆಯೇ ಎಲ್ಲ ಕಡೆಯಿಂದಲೂ ಮುಚ್ಚಿಕೊಳ್ಳುವಂತಿರಬೇಕು. ಎರಡನೆಯದಾಗಿ, ಅದರ ತಳದಲ್ಲಿ ಸೀಸವನ್ನೋ ಕಬ್ಬಿಣವನ್ನೋ ಭಾರವಾಗಿ ಕೂರಿಸಿರುತ್ತಾರೆ. ನವರಾತ್ರಿಯ ಬೊಂಬೆಗಳ ಸಾಲಿನಲ್ಲಿ ನಾವು ಇರಿಸುವ ತಂಜಾವೂರು ಬೊಂಬೆಯನ್ನು ಮಲಗಿಸಿದರೂ ಅದು ತಾನಾಗಿಯೇ ಎದ್ದು ಕೂರುವುದಷ್ಟೆ? ಅಲೆಯ ಹೊಡೆತಕ್ಕೆ ಮಗುಚಿದ ನೌಕೆಯೂ ಅದೇ ನ್ಯಾಯದಿಂದ ಏಳುತ್ತದೆ. ಏಳುವಾಗ ಕೂವೆಮರ ಉಳಿದಿರುವುದೋ ಇಲ್ಲವೋ ಎಂಬುದು ಬೇರೆ ಮಾತು.

ಈ ವಿದ್ಯೆಯ ಆದಿಪುರುಷನೆಂದು ಎಲ್ಲರೂ ನೆನೆಯುವವನು ಜೋಶುವಾ ಸ್ಲೋಕಮ್. ಹಾಯಿಹಡಗುಗಳ ಕಪ್ತಾನನಾಗಿ ಬಾಳಿದ ಈತನು, ಉಗಿಹಡಗುಗಳ ಕಾಲ ಬಂದು ತನ್ನ ಕಸುಬಿಗೆ ಬೆಲೆಯಿಲ್ಲದಂತಾದಾಗ, ಅಮೆರಿಕೆಯ ಫೇರ್‌ಹೇವನ್ ಎಂಬ ಊರಿನ ಹೊಲದಲ್ಲಿ ಬಿದ್ದಿದ್ದ ಹಳೆಯ ದೋಣಿಯೊಂದನ್ನು ಹದಿಮೂರು ತಿಂಗಳು ದುಡಿದು ಹೊಸದಾಗಿ ಕಟ್ಟಿದನು. ಅದೇ 36 ಅಡಿ 9 ಅಂಗುಲ ಉದ್ದದ ‘ಸ್ಪ್ರೇ’. 1895ರ ಏಪ್ರಿಲ್ 24ರಂದು ಬಾಸ್ಟನ್ನಿನಿಂದ ಹೊರಟು, 1898ರ ಜೂನ್ 27ರಂದು ನ್ಯೂಪೋರ್ಟ್ ಸೇರಿ, ಒಬ್ಬನೇ ಭೂಮಂಡಲವನ್ನು ಸುತ್ತಿದವರಲ್ಲಿ ಮೊದಲಿಗನಾದನು. ಈ ಮಹಾನುಭಾವನಿಗೆ ಈಜು ಬರುತ್ತಿರಲಿಲ್ಲ!

ಹಾಯಿನೌಕೆಗೆ ದಾರಿಯನ್ನು ಗೊತ್ತುಮಾಡುವುದು ಗಾಳಿ. ಆದುದರಿಂದ ಭೂಪಟದಲ್ಲಿ ಗೆರೆಯೆಳೆದು ನೇರವಾಗಿ ಹೋಗುವ ಮಾತೇ ಇಲ್ಲ. ಸಮಭಾಜಕದ ಬಳಿ ಬಿಸಿಯಾದ ಗಾಳಿ ಮೇಲೇರುವುದರಿಂದ, ಉತ್ತರ ದಕ್ಷಿಣಗಳೆರಡು ಕಡೆಯಿಂದಲೂ ಗಾಳಿ ಅತ್ತ ಹರಿಯುತ್ತದೆ. ಭೂಮಿಯ ಭ್ರಮಣದಿಂದ ಓರೆಯಾಗುತ್ತದೆ. ಇವೇ ವಾಣಿಜ್ಯ ಮಾರುತಗಳು. ದಕ್ಷಿಣ ಗೋಳಾರ್ಧದ ಇಂಥ ಮಾರುತವೇ ಬೇಸಗೆಯ ಕೊನೆಯಲ್ಲಿ ಸಮಭಾಜಕವನ್ನು ದಾಟಿ, ತಿರುಗಿ, ನಮ್ಮ ಸಹ್ಯಾದ್ರಿಗೆ ಮುಂಗಾರನ್ನು ತರುವುದು. ಕಡಲನ್ನು ಕಾಣದ ರೈತನೂ ಈ ಗಾಳಿಯ ಋಣದಲ್ಲಿಯೇ ಇದ್ದಾನೆ. ಅಟ್ಲಾಂಟಿಕ್ ಸಾಗರವನ್ನು ಪೂರ್ವದಿಂದ ಪಶ್ಚಿಮಕ್ಕೆ ದಾಟುವವರು ಕೆನೇರಿ ದ್ವೀಪಗಳಿಗೆ ಇಳಿದು, ಅಲ್ಲಿ ಈಶಾನ್ಯ ಮಾರುತವನ್ನು ಬೆನ್ನಿಗೆ ಕಟ್ಟಿಕೊಂಡು ಬಾರ್ಬಡೋಸಿನ ಕಡೆಗೆ ಸಾಗುತ್ತಾರೆ. 1492ರಲ್ಲಿ ಕೊಲಂಬಸನು ಹಿಡಿದದ್ದೂ ಈ ಬಗೆಯ ದಾರಿಯನ್ನೇ. ಆದರೆ ಅವನು ಹೊರಟದ್ದು ಸೆಪ್ಟೆಂಬರಿನಲ್ಲಿ. ಜೂನಿನಿಂದ ನವೆಂಬರಿನವರೆಗೆ ಆ ಕಡಲಿನ ಪಶ್ಚಿಮ ಭಾಗದಲ್ಲಿ ಚಂಡಮಾರುತಗಳು ಸುಳಿಯುವ ಕಾಲ. ತಿಳಿದವರು ನವೆಂಬರಿನ ಕೊನೆಯವರೆಗೆ ಕಾದು ಹೊರಡುತ್ತಾರೆ. ಕೊಲಂಬಸನಿಗೆ ಅದೃಷ್ಟವಿತ್ತು.

ಈ ದಾರಿಯ ಉದ್ದ ಸುಮಾರು 2,700 ನಾವಿಕ ಮೈಲಿ. ನಾವಿಕ ಮೈಲಿಯೆಂದರೆ 1,852 ಮೀಟರು. ಸಣ್ಣ ನೌಕೆ ದಿನಕ್ಕೆ ನೂರು ಮೈಲಿ ನಡೆದರೆ ಇಪ್ಪತ್ತೇಳು ದಿನ. ಇನ್ನು ಮನೆವಾರ್ತೆಯ ಲೆಕ್ಕ. ಕುಡಿಯಲೂ ಅಡಿಗೆಗೂ ಸೇರಿ ಒಬ್ಬನಿಗೆ ದಿನಕ್ಕೆ ಮೂರು ಲೀಟರು ಸಿಹಿನೀರೆಂದು ಹಿಡಿದರೆ, ಇಬ್ಬರಿಗೆ ಮೂವತ್ತು ದಿನಕ್ಕೆ 180 ಲೀಟರು; ಗಾಳಿ ಬೀಳಬಹುದು, ಕೂವೆಮರ ಮುರಿಯಬಹುದು, ಆದುದರಿಂದ ಅರ್ಧದಷ್ಟು ಹೆಚ್ಚಾಗಿ 270 ಲೀಟರು. ಸ್ನಾನ ಉಪ್ಪುನೀರಿನಲ್ಲಿ. ಈ ನೀರನ್ನೆಲ್ಲ ಒಂದೇ ತೊಟ್ಟಿಯಲ್ಲಿ ತುಂಬುವವನು ಮೂಢನೇ ಸರಿ. ತೊಟ್ಟಿ ಬಿರಿದರೆ ಅಥವಾ ಅದಕ್ಕೆ ಕಡಲನೀರು ಬೆರೆತರೆ, ನೀರಿನ ನಡುವೆಯೇ ಬಾಯಾರಿ ಸಾಯಬೇಕಾಗುತ್ತದೆ. ನಾಲ್ಕಾರು ಪಾತ್ರೆಗಳಲ್ಲಿ ಹಂಚಿ ಇಡತಕ್ಕದ್ದು. ಸಮುದ್ರದ ನೀರನ್ನು ಸಿಹಿಮಾಡುವ ಯಂತ್ರಗಳು ಈಗ ಬಂದಿವೆಯಾದರೂ, ಯಂತ್ರವನ್ನು ನಂಬಿ ಪಾತ್ರೆಗಳನ್ನು ದಡದಲ್ಲಿ ಬಿಡುವವರನ್ನು ಅನುಭವಿಗಳು ಮೆಚ್ಚುವುದಿಲ್ಲ.

ಆಹಾರದ ವಿಷಯದಲ್ಲಿ ಒಂದೆರಡು ಮಾತು ಸಾಕು. ಈರುಳ್ಳಿ, ಆಲೂಗೆಡ್ಡೆ, ನಿಂಬೆ ಇವು ವಾರಗಟ್ಟಲೆ ಉಳಿಯುತ್ತವೆ. ಮೊಟ್ಟೆಗಳಿಗೆ ವ್ಯಾಸಲೀನು ಸವರಿಡುವುದುಂಟು. ಡಬ್ಬಿಗಳ ಮೇಲಣ ಕಾಗದದ ಚೀಟಿಗಳನ್ನೆಲ್ಲ ಮೊದಲೇ ಕಿತ್ತು, ಬಣ್ಣದಲ್ಲಿ ಗುರುತು ಬರೆಯಬೇಕು. ಇದೇನು ಅತಿ ಜಾಗರೂಕತೆಯೆಂದು ನಗಬೇಡಿ. ತಳದಲ್ಲಿ ಸದಾ ಸ್ವಲ್ಪ ನೀರು ನಿಂತಿರುತ್ತದೆ. ಅದರಲ್ಲಿ ನೆನೆದು ಕಳಚಿದ ಚೀಟಿ ಪಂಪಿನ ಬಾಯಿಗೆ ಸಿಕ್ಕಿಕೊಂಡರೆ, ನೀರನ್ನು ಹೊರಹಾಕುವ ದಾರಿ ಕಟ್ಟಿಹೋಗುತ್ತದೆ. ಬಿರುಗಾಳಿಯ ರಾತ್ರಿಯಲ್ಲಿ ಒಂದು ಕಾಗದದ ಚೂರು ಒಂದು ಪ್ರಾಣದ ಬೆಲೆ ಬಾಳಬಹುದು.

ಒಬ್ಬನೇ ಇರುವವನು ಹಗಲಿರುಳೂ ಚುಕ್ಕಾಣಿಯನ್ನು ಹಿಡಿದಿರಲು ಸಾಧ್ಯವೆ? ಇಲ್ಲ. ಸ್ಲೋಕಮನ ನೌಕೆ ಎಷ್ಟು ಸಮತೂಕದಲ್ಲಿತ್ತೆಂದರೆ, ಹಾಯಿಗಳನ್ನು ಸರಿಯಾಗಿ ಹೊಂದಿಸಿ ಚುಕ್ಕಾಣಿಯನ್ನು ಕಟ್ಟಿಬಿಟ್ಟರೆ ತಾನೇ ದಾರಿಹಿಡಿದು ಹೋಗುತ್ತಿತ್ತು. 1897ರಲ್ಲಿ ಆಸ್ಟ್ರೇಲಿಯದ ತರ್ಸ್‌ಡೇ ದ್ವೀಪದಿಂದ ನಮ್ಮ ಹಿಂದೂ ಮಹಾಸಾಗರದ ಕೀಲಿಂಗ್ ದ್ವೀಪಗಳವರೆಗೆ 2,700 ಮೈಲಿಯನ್ನು ಇಪ್ಪತ್ತಮೂರು ದಿನಗಳಲ್ಲಿ ಕ್ರಮಿಸಿದಾಗ, ಆತನು ಚುಕ್ಕಾಣಿಯ ಬಳಿ ಕುಳಿತದ್ದು ಒಟ್ಟಿನಲ್ಲಿ ಮೂರು ಗಂಟೆಯಂತೆ. ಉಳಿದ ಹೊತ್ತೆಲ್ಲ ಅಡಿಗೆ, ನಿದ್ರೆ, ಓದು.

ಎಲ್ಲ ನೌಕೆಗಳಿಗೂ ಈ ಗುಣವಿಲ್ಲ. 1960ರಲ್ಲಿ ಅಟ್ಲಾಂಟಿಕ್ಕಿನಲ್ಲಿ ಏಕಾಂಗಿಗಳ ಮೊದಲ ಪಂದ್ಯ ನಡೆದಾಗ, ಅದರ ಪ್ರವರ್ತಕರಲ್ಲೊಬ್ಬನಾದ ಹ್ಯಾಸ್ಲರ್ ಎಂಬವನು ಗಾಳಿಯಿಂದಲೇ ನಡೆಯುವ ಚುಕ್ಕಾಣಿಯನ್ನು ಬಳಸಿದನು. ಇಂಥ ಉಪಕರಣ ಮುಂದೆ ಪಡೆದ ರೂಪ ಬಹು ಸೊಗಸು. ನೌಕೆಯ ಹಿಂಬದಿಯಲ್ಲಿ ಒಂದು ತೆಳುವಾದ ಹಲಗೆ ಗಾಳಿಗೆ ಅಂಚು ಕೊಟ್ಟು ನಿಂತಿರುತ್ತದೆ. ನೌಕೆ ದಾರಿತಪ್ಪಿದೊಡನೆ ಗಾಳಿ ಹಲಗೆಯ ಮಗ್ಗುಲಿಗೆ ಬೀಸಿ ಅದನ್ನು ಬಾಗಿಸುತ್ತದೆ. ಆ ಬಲ ಅತ್ಯಲ್ಪ. ಆದರೆ ಅದು ನೀರಿನಲ್ಲಿಳಿದಿರುವ ಒಂದು ಪಟ್ಟಿಯನ್ನು ಕೊಂಚ ತಿರುಗಿಸಬಲ್ಲುದು. ಹಾಗೆ ತಿರುಗಿದ ಪಟ್ಟಿಯನ್ನು ಓಡುವ ನೀರು ಜೋರಾಗಿ ಪಕ್ಕಕ್ಕೆ ತಳ್ಳುತ್ತದೆ, ಆ ಜೋರು ಹಗ್ಗದ ಮೂಲಕ ಚುಕ್ಕಾಣಿಯನ್ನು ಎಳೆಯುತ್ತದೆ. ಗಾಳಿ ಸನ್ನೆಮಾಡುತ್ತದೆ, ನೀರು ದುಡಿಯುತ್ತದೆ. ವಿದ್ಯುತ್ತು ಬೇಡ, ಎಣ್ಣೆ ಬೇಡ.

ಆದರೆ ಈ ಸೇವಕನಿಂದಲೇ ಒಂದು ಅಪಾಯ ಹುಟ್ಟಿತು. ಯಜಮಾನನು ಜಾರಿ ನೀರಿಗೆ ಬಿದ್ದರೆ ನೌಕೆ ನಿಲ್ಲುವುದಿಲ್ಲ. ಅವನ ಕಣ್ಣೆದುರಿಗೇ ನೆಟ್ಟಗೆ ಹೊರಟುಹೋಗುತ್ತದೆ. ಆದುದರಿಂದ ಎದೆಗೆ ಪಟ್ಟಿ ಬಿಗಿದು, ಅದರ ಹಗ್ಗವನ್ನು ಸದಾ ನೌಕೆಗೆ ಸಿಕ್ಕಿಸಿಕೊಂಡಿರಬೇಕೆಂಬ ನಿಯಮ ಬಂದಿದೆ. ಜೊತೆಗಾರರಿದ್ದರೂ ಈ ನಿಯಮ ತಪ್ಪದು. ಅಟ್ಲಾಂಟಿಕ್ ಪಂದ್ಯವನ್ನು ಎರಡು ಬಾರಿ ಗೆದ್ದಿದ್ದ ಫ್ರಾನ್ಸಿನ ಎರಿಕ್ ಟಬಾರ್ಲಿಯಂಥ ನಾವಿಕನೇ 1998ರ ಜೂನಿನ ಒಂದು ರಾತ್ರಿ ತನ್ನ ಪ್ರೀತಿಯ ನೌಕೆಯಿಂದ ಕಡಲಿಗೆ ಬಿದ್ದು ತೀರಿಕೊಂಡನು.

ನಿದ್ರೆಯದೂ ಲೆಕ್ಕವೇ. ದೊಡ್ಡ ಹಡಗೊಂದು ಎಂಟು ಮೈಲಿಯಾಚೆ ಕಣ್ಣಿಗೆ ಬಿತ್ತೆನ್ನೋಣ. ಗಂಟೆಗೆ ಇಪ್ಪತ್ತು ಮೈಲಿಯಂತೆ ಬಂದರೆ ಇಪ್ಪತ್ತನಾಲ್ಕು ನಿಮಿಷದಲ್ಲಿ ಮೈಮೇಲೆ ಇರುತ್ತದೆ. ಹಡಗುಗಳ ಹಾದಿಯಲ್ಲಿ ಏಕಾಂಗಿಯು ಇಪ್ಪತ್ತು ನಿಮಿಷಕ್ಕೊಮ್ಮೆ ಎಚ್ಚರಗೊಳ್ಳುವುದು ಇದಕ್ಕಾಗಿ. ಹಸುಗೂಸಿನ ತಾಯಂದಿರಿಗೆ ಈ ವಿದ್ಯೆಯನ್ನು ಕಲಿಸಬೇಕಾದುದಿಲ್ಲ.

ದಾರಿಯನ್ನು ತಿಳಿಯುವ ಬಗೆ ಹೇಗೆ? ನಡುಹಗಲಿನಲ್ಲಿ ಸೂರ್ಯನ ಎತ್ತರವನ್ನು ಸೆಕ್ಸ್‌ಟಂಟಿನಿಂದ ಅಳೆದರೆ ಅಕ್ಷಾಂಶ ಸಿಗುತ್ತದೆ. ರೇಖಾಂಶಕ್ಕೆ ಗಡಿಯಾರ ಬೇಕು: ಭೂಮಿ ಗಂಟೆಗೆ ಹದಿನೈದು ಅಂಶ ತಿರುಗುವುದರಿಂದ, ನಾಲ್ಕು ಸೆಕೆಂಡು ತಪ್ಪಿದರೆ ಸಮಭಾಜಕದ ಬಳಿ ಒಂದು ನಾವಿಕ ಮೈಲಿ ತಪ್ಪುತ್ತದೆ. ಬಾನುಲಿಯ ಕಾಲಸೂಚನೆ ಬಂದಮೇಲೆ ಗಡಿಯಾರವನ್ನು ದಿನವೂ ತಿದ್ದಿಕೊಳ್ಳುವುದು ಸುಲಭವಾಯಿತು; ಈ ಮಾತನ್ನು ಹೇಳಿಕೊಳ್ಳಲು ನಮಗೆ ಸ್ವಲ್ಪ ಹೆಮ್ಮೆಯೂ ಉಂಟು. ಈಗಿನವರು ಉಪಗ್ರಹಗಳನ್ನು ಕೇಳಿ ಕ್ಷಣದಲ್ಲಿ ತಿಳಿಯುತ್ತಾರೆ, ಆದರೂ ಉಪ್ಪುನೀರಿಗೂ ವಿದ್ಯುತ್ತಿಗೂ ಇರುವ ಹಗೆಯನ್ನು ಬಲ್ಲವರು ಸೆಕ್ಸ್‌ಟಂಟನ್ನು ಪೆಟ್ಟಿಗೆಯಲ್ಲಿಟ್ಟುಕೊಂಡೇ ಹೊರಡುತ್ತಾರೆ. ಸ್ಲೋಕಮನ ಬಳಿ ಇದ್ದದ್ದು ಮುಖವೊಡೆದ ತಗಡಿನ ಗಡಿಯಾರ. ಒಡೆದುದರಿಂದ ಒಂದೂವರೆ ಡಾಲರಿನದು ಒಂದು ಡಾಲರಿಗೆ ಸಿಕ್ಕಿತ್ತು. ಆತನ ವೆಸ್ಟ್ ಇಂಡೀಸಿನ ನಕ್ಷೆಯನ್ನಂತೂ ಸೇಂಟ್ ಹೆಲಿನಾದಲ್ಲಿ ಯಾರೋ ಪ್ರೀತಿಯಿಂದ ಕೊಟ್ಟ ಮೇಕೆಯು ತಿಂದುಹಾಕಿತು.

ಇಷ್ಟೆಲ್ಲ ಸಿದ್ಧತೆಯೂ ಹೇಗೆ ಒಂದೊಂದಾಗಿ ಕೈಬಿಡಬಹುದೆಂಬುದಕ್ಕೆ ‘ಸುಹೇಲಿ’ಯ ಕಥೆಯನ್ನು ಹೇಳಬೇಕು. 32 ಅಡಿಯ ಈ ತೇಗದ ನೌಕೆಯನ್ನು ಕಟ್ಟಿದ್ದು ನಮ್ಮ ಮುಂಬಯಿಯಲ್ಲಿ. ರಾಬಿನ್ ನಾಕ್ಸ್-ಜಾನ್‌ಸ್ಟನ್ ಎಂಬ ಇಂಗ್ಲಿಷ್ ನಾವಿಕರು 1968ರ ಜೂನ್ 14ರಂದು ಇದರಲ್ಲಿ ಫಾಲ್ಮತ್ ಬಂದರನ್ನು ಬಿಟ್ಟರು. ಎಲ್ಲಿಯೂ ನಿಲ್ಲದೆ ಒಬ್ಬರೇ ಭೂಮಿಯನ್ನು ಸುತ್ತಬೇಕೆಂಬ ಪಂದ್ಯ ಅದು. ಹಲಗೆಗಳ ಸಂದಿನಿಂದ ನೀರು ಜಿನುಗತೊಡಗಿತು. ನಡುಕಡಲಿನಲ್ಲಿ ಅವರು ನೀರಿಗಿಳಿದು, ಉಸಿರು ಕಟ್ಟಿ ಮುಳುಗಿ, ಸಂದಿಗೆ ಹತ್ತಿಯನ್ನು ತುರುಕಿ ಮೇಲೆ ತಗಡು ಹೊಡೆದರು. ನಡುವೆ ಶಾರ್ಕ್ ಮೀನೊಂದು ಸುತ್ತತೊಡಗಿದ್ದರಿಂದ ಮೇಲೆ ಬಂದು ಅದನ್ನು ಬಂದೂಕಿನಿಂದ ಹೊಡೆಯಬೇಕಾಯಿತು. ದಕ್ಷಿಣದ ಬಿರುಗಾಳಿಯಲ್ಲಿ ನೌಕೆ ಮಗ್ಗುಲಾಯಿತು. ತೊಟ್ಟಿಯ ನೀರು ಕೆಟ್ಟಿತು. ಮಳೆಯನ್ನು ಹಿಡಿದು ಕುಡಿದರು. ಆಸ್ಟ್ರೇಲಿಯದ ಬಳಿ ಗಾಳಿಚುಕ್ಕಾಣಿ ಮುರಿಯಿತು. ಸ್ಲೋಕಮನಂತೆ ಹಾಯಿಗಳನ್ನೇ ಹೊಂದಿಸಿಕೊಂಡರು. ಬಾನುಲಿ ಯಂತ್ರ ಮೂಕವಾಯಿತು. 1968ರ ನವೆಂಬರಿನಲ್ಲಿ ನ್ಯೂಜಿಲೆಂಡಿನ ಕರೆಯಲ್ಲಿ ಕಂಡವರು 1969ರ ಏಪ್ರಿಲಿನವರೆಗೆ ಬದುಕಿದ್ದಾರೋ ಇಲ್ಲವೋ ಯಾರಿಗೂ ತಿಳಿಯದು. ಏಪ್ರಿಲ್ 22ರಂದು, 312 ದಿನಗಳ ತರುವಾಯ, ಸುಹೇಲಿಯು ಫಾಲ್ಮತ್ತಿಗೆ ಮರಳಿತು. ಹೊರಟ ಒಂಬತ್ತು ಮಂದಿಯಲ್ಲಿ ಮುಗಿಸಿದವರು ಇವರೊಬ್ಬರೇ.

ಆ ಒಂಬತ್ತು ಮಂದಿಯಲ್ಲಿ ಡೊನಾಲ್ಡ್ ಕ್ರೋಹರ್ಸ್ಟ್ ಎಂಬವನೂ ಇದ್ದನು. ಸಿದ್ಧತೆ ಮುಗಿಯದ ನೌಕೆಯಲ್ಲಿ, ಹೊರಡಲು ಅನುಮತಿಯಿದ್ದ ಕಟ್ಟಕಡೆಯ ದಿನವಾದ 1968ರ ಅಕ್ಟೋಬರ್ 31ರಂದು, ಸಾಲದ ಒತ್ತಡಕ್ಕೆ ಸಿಕ್ಕಿ ಹೊರಟನು. ದಕ್ಷಿಣಸಾಗರವನ್ನು ಈ ನೌಕೆ ತಾಳದೆಂದು ಕೆಲವೇ ವಾರಗಳಲ್ಲಿ ತಿಳಿಯಿತು. ಹಿಂದಿರುಗಲು ಮುಖವಿಲ್ಲದೆ, ಅಟ್ಲಾಂಟಿಕ್ಕಿನಲ್ಲಿಯೇ ಸುಳಿದಾಡುತ್ತ, ಭೂಮಿಯನ್ನು ಸುತ್ತುತ್ತಿರುವುದಾಗಿ ಸುಳ್ಳು ವರದಿಗಳನ್ನು ಕಳುಹಿದನು. 1969ರ ಜುಲೈ 10ರಂದು ನೌಕೆ ಸಿಕ್ಕಿತು, ಅವನು ಸಿಕ್ಕಲಿಲ್ಲ. ನಾಕ್ಸ್-ಜಾನ್‌ಸ್ಟನ್ ಅವರು ತಮಗೆ ಬಂದ 5,000 ಪೌಂಡುಗಳ ಬಹುಮಾನವನ್ನು ಅವನ ಹೆಂಡತಿಮಕ್ಕಳಿಗೆ ಕೊಟ್ಟುಬಿಟ್ಟರು.

ಚೆನ್ನಾಗಿ ಸಿದ್ಧರಾದವರಿಗೂ ಕಡಲು ರಿಯಾಯಿತಿ ತೋರಿಸುವುದಿಲ್ಲ. ಭಾರತದ ನೌಕಾಪಡೆಯ ಅಭಿಲಾಷ್ ಟೋಮಿ ಅವರು 2013ರಲ್ಲಿಯೇ ಏಕಾಂಗಿಯಾಗಿ, ನಿಲ್ಲದೆ ಭೂಪ್ರದಕ್ಷಿಣೆ ಮಾಡಿದವರು. 2018ರಲ್ಲಿ ಸುಹೇಲಿಯ ಪ್ರತಿರೂಪವಾಗಿ ಗೋವೆಯಲ್ಲಿ ಕಟ್ಟಿದ ‘ತುರೀಯ’ದಲ್ಲಿ ಮತ್ತೆ ಹೊರಟರು. ಸೆಪ್ಟೆಂಬರ್ 21ರಂದು ಹಿಂದೂ ಮಹಾಸಾಗರದ ದಕ್ಷಿಣದಲ್ಲಿ ಬಿರುಗಾಳಿಗೆ ಸಿಕ್ಕಿ ಕೂವೆಮರಗಳು ಮುರಿದವು, ಅವರ ಬೆನ್ನುಮೂಳೆ ಮುರಿಯಿತು. ಅಲುಗಾಡಲಾರದೆ ಮಲಗಿದಲ್ಲಿಂದಲೇ ಸಣ್ಣ ಯಂತ್ರವೊಂದರಿಂದ ಸುದ್ದಿ ಕಳುಹಿದರು. ಮೂರನೆಯ ದಿನ ಫ್ರೆಂಚರ ‘ಒಸಿರಿಸ್’ ಹಡಗು ಬಂದು ಎತ್ತಿಕೊಂಡಿತು. ಇವರೇ 2022ರಲ್ಲಿ ಅದೇ ಪಂದ್ಯಕ್ಕೆ ಪುನಃ ಹೊರಟು, 2023ರ ಏಪ್ರಿಲ್ 29ರಂದು ಎರಡನೆಯವರಾಗಿ ದಡ ಸೇರಿದರು.

ಬಿರುಗಾಳಿಯಲ್ಲಿ ದಡಕ್ಕೆ ಓಡಬೇಕೆಂದು ನಮಗೆ ತೋರುತ್ತದೆ. ನಾವಿಕನ ಬುದ್ಧಿ ಇದಕ್ಕೆ ವಿರುದ್ಧ. ನೌಕೆ ಒಡೆಯುವುದು ಹೆಚ್ಚಾಗಿ ನೆಲಕ್ಕೆ ತಾಗಿಯೇ. ಸುತ್ತಲೂ ಬಯಲಿರುವಷ್ಟು ಕಾಲ ಅವನಿಗೆ ಧೈರ್ಯ. ಹಾಯಿಯನ್ನು ಕಿರಿದುಮಾಡಿ, ಮುಂದಿನ ಹಾಯಿಯನ್ನು ಗಾಳಿಗೆ ಎದುರಾಗಿ ಎಳೆದು ಚುಕ್ಕಾಣಿಯನ್ನು ಕಟ್ಟಿದರೆ, ನೌಕೆ ಹೆಚ್ಚು ಮುಂದುವರಿಯದೆ ಬಾತುಕೋಳಿಯಂತೆ ಕೂರುತ್ತದೆ. ಅಲೆಗಳು ಅದಕ್ಕೂ ಮಿಕ್ಕಿ ಬೆಳೆದರೆ, ಗಾಳಿಯೊಡನೆಯೇ ಓಡುತ್ತ, ಹಿಂಬದಿಯಿಂದ ದಪ್ಪ ಹಗ್ಗವನ್ನು ನೀರಿಗೆ ಬಿಟ್ಟು ವೇಗವನ್ನು ತಡೆಯುತ್ತಾರೆ.

ಹೀಗೆ ನಾಲ್ಕು ವಾರ ಕಳೆದಮೇಲೆ, ಒಂದು ಮುಂಜಾನೆ, ಓಡುವ ಮೋಡಗಳ ನಡುವೆ ಒಂದು ಮೋಡ ಮಾತ್ರ ಕದಲದೆ ನಿಂತಿರುವುದು ಕಾಣುತ್ತದೆ. ಅದರ ಕೆಳಗೆ ನೆಲವಿದೆ. ಆದರೆ ಒಡನೆಯೇ ಇಳಿಯುವಂತಿಲ್ಲ. ಪರದೇಶದ ಬಂದರನ್ನು ಹೊಕ್ಕ ನೌಕೆ ಹಳದಿಯ ಬಾವುಟವೊಂದನ್ನು ಏರಿಸಿ, ಆರೋಗ್ಯದ ಮತ್ತು ಸುಂಕದ ಅಧಿಕಾರಿಗಳು ಬಂದು ಕಾಗದಪತ್ರಗಳನ್ನು ನೋಡುವವರೆಗೆ ಲಂಗರು ಹಾಕಿಕೊಂಡು ಕಾದಿರಬೇಕು.