ಆರದ ಕೆಂಪು ದೀಪ

ಮೋಟಾರು ಕಾರಿನ ಚಾಲಕನ ಮುಂದಿರುವ ಫಲಕದಲ್ಲಿ, ವೃತ್ತದ ನಡುವೆ ಉದ್ಗಾರ ಚಿಹ್ನೆಯುಳ್ಳ ಒಂದು ಚಿಕ್ಕ ಕೆಂಪು ದೀಪವಿರುವುದನ್ನು ವಾಚಕರಲ್ಲಿ ಅನೇಕರು ನೋಡಿರಬಹುದು. ಕೀಲಿಯನ್ನು ತಿರುಗಿಸಿದಾಗ ಅದು ಹೊತ್ತಿಕೊಳ್ಳುತ್ತದೆ. ಎಂಜಿನು ನಡೆಯತೊಡಗಿ ಕೈಬ್ರೇಕನ್ನು ಇಳಿಸಿದೊಡನೆ ಆರಿಹೋಗುತ್ತದೆ. ಆರದೆ ಉಳಿದರೆ ಬ್ರೇಕಿಗೆ ಸಂಬಂಧಿಸಿದ ಏನೋ ಒಂದು ಸರಿಯಿಲ್ಲವೆಂದರ್ಥ. ಆದರೆ ಆ ‘ಏನೋ ಒಂದು’ ಯಾವುದು? ಅದನ್ನು ದೀಪವು ಹೇಳುವುದಿಲ್ಲ, ನಾವೇ ಕಂಡುಹಿಡಿಯಬೇಕು.

ಸವಣೂರಿನಲ್ಲಿ ಉಪಾಧ್ಯಾಯರಾಗಿರುವ ನನ್ನ ಗೆಳೆಯರೊಬ್ಬರಿಗೆ ಈ ಪ್ರಶ್ನೆ ಇದಿರಾಯಿತು. ಅವರು ತಮ್ಮ ಹಳೆಯ ಕಾರಿನ ಬ್ರೇಕುಗಳನ್ನು ಬೇರೊಂದು ಊರಿನ ಗ್ಯಾರೇಜಿನಲ್ಲಿ ರಿಪೇರಿ ಮಾಡಿಸಿದ್ದರು. ಮುಂದಿನ ಚಕ್ರಗಳಿಗೆ ಹೊಸ ಪ್ಯಾಡುಗಳು, ಹಿಂದಿನ ಡ್ರಮ್ಮುಗಳಿಗೆ ಹೊಸ ಲೈನರುಗಳು ಬಿದ್ದವು. ನಾಲ್ಕು ದಿನ ಎಲ್ಲವೂ ನೆಟ್ಟಗಿತ್ತು. ಐದನೆಯ ದಿನ ಊರಿನ ಪ್ರಸಿದ್ಧವಾದ ದೊಡ್ಡಹುಣಸೆ ಮರಗಳನ್ನು ತೋರಿಸಲೆಂದು ನೆಂಟರನ್ನು ಕರೆದುಕೊಂಡು ಹೊರಟಾಗ, ತಿರುವಿನಲ್ಲಿ ಕೆಂಪು ದೀಪವು ಮಿನುಗಿ ಮಾಯವಾಯಿತು. ಮರುದಿನದಿಂದ ಅದು ಆರಲೇ ಇಲ್ಲ. ಗ್ಯಾರೇಜಿನವರು ‘ಬ್ರೇಕ್ ಆಯಿಲ್’ ಹಾಕಿಕೊಟ್ಟರು, ದೀಪ ಆರಿತು. ವಾರ ಕಳೆಯುವಷ್ಟರಲ್ಲಿ ಮತ್ತೆ ಹೊತ್ತಿತು. ಎರಡನೆಯ ಸಲವೂ ಅರ್ಧ ಕಪ್ಪಿನಷ್ಟು ಸುರಿದುದಾಯಿತು. ಮೂರನೆಯ ಸಲ ಅಲ್ಲಿಯ ಹುಡುಗನೊಬ್ಬನು, “ಸ್ವಿಚ್ ಕೆಟ್ಟೈತ್ರಿ ಸರ, ವೈರ್ ತಗದ್ ಬಿಟ್ರ ಸುಮ್ನಾಗತೈತಿ” ಎಂದನು. ಪುಣ್ಯಕ್ಕೆ ಗೆಳೆಯರು ಒಪ್ಪಲಿಲ್ಲ.

ಈ ದೀಪದ ವಿದ್ಯುನ್ಮಂಡಲವು ಬಹು ಸರಳವಾದುದು. ಅನೇಕ ಕಾರುಗಳಲ್ಲಿ ಒಂದೇ ದೀಪಕ್ಕೆ ಎರಡು ಸ್ವಿಚ್ಚುಗಳಿರುತ್ತವೆ. ಒಂದು ಕೈಬ್ರೇಕಿನ ಸನ್ನೆಯ ಬುಡದಲ್ಲಿ. ಇನ್ನೊಂದು ಬ್ರೇಕಿನ ದ್ರವವನ್ನು ತುಂಬಿಡುವ ಪಾತ್ರೆಯಲ್ಲಿ. ಎರಡರಲ್ಲಿ ಯಾವುದು ಮುಚ್ಚಿಕೊಂಡರೂ ದೀಪ ಉರಿಯುತ್ತದೆ. ಆದುದರಿಂದ ಮೊದಲು ಸನ್ನೆಯನ್ನು ಪೂರ್ತಿಯಾಗಿ ಇಳಿಸಿ, ಅದರ ಸ್ವಿಚ್ಚಿನ ಗುಂಡಿ ಸರಿಯಾಗಿ ಒತ್ತಿಕೊಂಡಿದೆಯೇ ಎಂದು ನೋಡಬೇಕು. ರಿಪೇರಿಯಲ್ಲಿ ಕೈಬ್ರೇಕಿನ ತಂತಿಯನ್ನು ಬಿಗಿಮಾಡಿದ್ದರೆ ಸನ್ನೆಯು ಕೂದಲೆಳೆಯಷ್ಟು ಮೇಲೆಯೇ ನಿಲ್ಲುವುದುಂಟು. ಅಲ್ಲಿ ತಪ್ಪಿಲ್ಲವಾದರೆ ಪಾತ್ರೆಯ ತಂತಿಯ ಜೋಡಣೆಯನ್ನು ಕ್ಷಣಕಾಲ ಬಿಡಿಸಬೇಕು. ಆಗ ದೀಪ ಆರಿದರೆ ವಿಷಯವಿರುವುದು ಪಾತ್ರೆಯಲ್ಲಿ. ಬಿಡಿಸಿದ್ದನ್ನು ಮರಳಿ ಜೋಡಿಸಲು ಮರೆಯಬಾರದು. ಇದು ಪರೀಕ್ಷೆಯೇ ಹೊರತು ಚಿಕಿತ್ಸೆಯಲ್ಲ.

ಪಾತ್ರೆಯೊಳಗೆ ಒಂದು ತೇಲುಬೆಂಡು, ಅದಕ್ಕೊಂದು ಪುಟ್ಟ ಅಯಸ್ಕಾಂತ. ದ್ರವ ಇಳಿದಂತೆ ಬೆಂಡೂ ಇಳಿಯುತ್ತದೆ. ಅಯಸ್ಕಾಂತವು ಸಮೀಪಿಸಿದಾಗ ಗಾಜಿನ ಕೊಳವೆಯೊಳಗಿನ ಎರಡು ತೆಳುವಾದ ಲೋಹದ ನಾಲಗೆಗಳು ಒಂದನ್ನೊಂದು ಮುಟ್ಟುತ್ತವೆ, ದೀಪ ಹೊತ್ತುತ್ತದೆ. ತುಂಬದ ಕೊಡವನ್ನು ಸೊಂಟದಲ್ಲಿಟ್ಟು ತಿರುಗಿದರೆ ನೀರು ಒಂದು ಮಗ್ಗುಲಿಗೆ ಸರಿಯುವಂತೆ, ತಿರುವಿನಲ್ಲಿ ದ್ರವವೂ ಓರೆಯಾಗುತ್ತದೆ. ಗೆಳೆಯರ ಕಾರಿನಲ್ಲಿ ದೀಪ ಮೊದಲು ತಿರುವಿನಲ್ಲಿಯೇ ಮಿನುಗಿದ್ದು ಅದಕ್ಕಾಗಿ. ಮಟ್ಟವು ಆಗಲೇ ಅಂಚಿಗೆ ಬಂದಿತ್ತು. ಸ್ವಿಚ್ಚು ಕೆಟ್ಟಿರಲಿಲ್ಲ.

ಹಾಗಾದರೆ ದ್ರವ ಎಲ್ಲಿ ಹೋಯಿತು? ಇದಕ್ಕೆ ಪಾಸ್ಕಲನ ನಿಯಮವನ್ನು ನೆನೆಯಬೇಕು. ಮುಚ್ಚಿದ ಪಾತ್ರೆಯಲ್ಲಿಯ ದ್ರವದ ಮೇಲೆ ಒತ್ತಡ ಹಾಕಿದರೆ ಅದು ಎಲ್ಲ ಕಡೆಗೂ ಸಮನಾಗಿ ಹರಡುವುದೆಂದು ಫ್ರಾನ್ಸಿನ ಬ್ಲೇಸ್ ಪಾಸ್ಕಲನು ತೋರಿಸಿದ ಗ್ರಂಥವು ಅವನ ಮರಣಾನಂತರ 1663ರಲ್ಲಿ ಪ್ರಕಟವಾಯಿತು. ನಮ್ಮ ಪಾದ ಒತ್ತುವ ಪಿಸ್ಟನ್ನಿನ ವ್ಯಾಸ 2 ಸೆಂಟಿಮೀಟರು, ಚಕ್ರದ ಬಳಿಯ ಪಿಸ್ಟನ್ನಿನದು 5 ಸೆಂಟಿಮೀಟರು ಎಂದಿಟ್ಟುಕೊಳ್ಳೋಣ. ವಿಸ್ತೀರ್ಣಗಳ ಪ್ರಮಾಣ 4ಕ್ಕೆ 25. ಎಂದರೆ ಬಲವು ಆರು ಪಟ್ಟಿಗೂ ಮೀರಿ ಹೆಚ್ಚುತ್ತದೆ. ಪ್ಯಾಡು ಸವೆದಂತೆಲ್ಲ ಪಿಸ್ಟನ್ನು ಮುಂದೆ ಸರಿದು, ಅದರ ಹಿಂದಿನ ಜಾಗವನ್ನು ದ್ರವ ತುಂಬುತ್ತದೆ. ಒಂದು ಚಕ್ರದ ಎರಡೂ ಪ್ಯಾಡುಗಳು ತಲಾ 8 ಮಿಲಿಮೀಟರು ಸವೆದರೆ ಪಿಸ್ಟನ್ನು 16 ಮಿಲಿಮೀಟರು ಸರಿಯಬೇಕು. ಅದಕ್ಕೆ ಬೇಕಾಗುವ ದ್ರವ ಸುಮಾರು 31 ಘನ ಸೆಂಟಿಮೀಟರು. ಆದ್ದರಿಂದ ಮಟ್ಟ ಇಳಿಯುವುದೇ ದೋಷವಲ್ಲ. ಆದರೆ ಇಷ್ಟು ಸವೆಯಲು ಅನೇಕ ಸಾವಿರ ಕಿಲೋಮೀಟರುಗಳ ಓಟ ಬೇಕು. ಹೊಚ್ಚ ಹೊಸ ಪ್ಯಾಡು ಹಾಕಿ ವಾರದೊಳಗೆ ಅರ್ಧ ಕಪ್ಪು ದ್ರವ ಮಾಯವಾಯಿತೆಂದರೆ ಅದು ಸವೆತವಲ್ಲ, ಸೋರಿಕೆ. ಎಷ್ಟು ಇಳಿಯಿತು ಎಂಬುದಕ್ಕಿಂತ ಎಷ್ಟು ದಿನದಲ್ಲಿ ಇಳಿಯಿತು ಎಂಬ ಪ್ರಶ್ನೆಯೇ ಇಲ್ಲಿ ಮುಖ್ಯವಾಯಿತು.

ಸವಣೂರಿನ ಮುದುಕ ಮಿಸ್ತ್ರಿಯೊಬ್ಬರು ಈ ಲೆಕ್ಕವನ್ನು ಕಾಗದದ ಮೇಲೆ ಮಾಡದೆಯೇ ಬಲ್ಲವರು. ಕಾರನ್ನು ನೋಡಿ, “ದೀಪ ಸುಳ್ಳ ಹೇಳಾಕತ್ತಿಲ್ರಿ ಸರ, ನೀವ ಆಯಿಲ್ ಹಾಕಿ ಹಾಕಿ ಅದರ ಬಾಯಿ ಮುಚ್ಚೀರಿ” ಎಂದರು. ಕಾರಿನಡಿಯಲ್ಲಿ ಒಂದು ತೊಟ್ಟೂ ಬಿದ್ದಿರಲಿಲ್ಲ, ಕೊಳವೆಗಳೆಲ್ಲ ಒಣಗಿದ್ದವು. ಅವರು ನೇರವಾಗಿ ಹಿಂದಿನ ಎಡ ಚಕ್ರವನ್ನು ಕಳಚಿ ಡ್ರಮ್ಮನ್ನು ಎಳೆದರು. ಒಳಗೆ ಬ್ರೇಕಿನ ಧೂಳು ಒದ್ದೆಯಾಗಿ ಕಪ್ಪು ಕೆಸರಾಗಿತ್ತು. ಚಕ್ರದ ಸಿಲಿಂಡರಿನ ರಬ್ಬರಿನ ಟೊಪ್ಪಿಗೆಯನ್ನು ಸರಿಸಿದೊಡನೆ ದ್ರವ ಜಿನುಗಿತು. ಹೊಸ ಲೈನರಿನ ಅರ್ಧ ಭಾಗ ನೆನೆದುಹೋಗಿತ್ತು.

ರಿಪೇರಿಯಾದ ಮೇಲೆಯೇ ಇದೇಕೆ ಸೋರಿತು? ಬ್ರೇಕಿನ ದ್ರವವು, ಹೆಸರು ಆಯಿಲ್ ಎಂದಿದ್ದರೂ, ಎಣ್ಣೆಯಲ್ಲ. ಸಾಮಾನ್ಯವಾಗಿ ಬಳಸುವ ಬಗೆಗಳು ಗ್ಲೈಕಾಲಿನ ಜಾತಿಯವು. ಗಾಳಿಯಲ್ಲಿಯ ತೇವವನ್ನು ಹೀರುತ್ತವೆ. ಡಾಟ್ 3 ಎಂಬ ದರ್ಜೆಯ ದ್ರವವು ಹೊಸತರಲ್ಲಿ ಕನಿಷ್ಠ 205 ಡಿಗ್ರಿ ಸೆಲ್ಸಿಯಸಿನಲ್ಲಿ ಕುದಿಯಬೇಕೆಂದು ನಿಯಮ; ತೇವ ಹೀರಿದ ಮೇಲಿನ ಮಿತಿ ಬರಿಯ 140 ಡಿಗ್ರಿ. ಆ ತೇವವು ಸಿಲಿಂಡರಿನ ಒಳಗೋಡೆಗೆ ಸಣ್ಣಗೆ ತುಕ್ಕು ಹಿಡಿಸುತ್ತದೆ. ಹಳೆಯ ಲೈನರು ಸವೆದಿದ್ದಾಗ ಪಿಸ್ಟನ್ನುಗಳು ಹೊರಗೆ ಬಂದು ನುಣುಪಾದ ಜಾಗದಲ್ಲಿ ಆಡುತ್ತಿದ್ದವು. ದಪ್ಪನಾದ ಹೊಸ ಲೈನರು ಅವನ್ನು ಹಿಂದಕ್ಕೆ, ತುಕ್ಕು ಕೂತಿದ್ದ ಒರಟು ಭಾಗಕ್ಕೆ ತಳ್ಳಿತು. ರಬ್ಬರಿನ ಬಟ್ಟಲಿನ ಅಂಚು ಅಲ್ಲಿ ತರಚಿತು. ಲೈನರು ಹಾಕಿದವರ ಕೈಕೆಲಸದಲ್ಲಿ ತಪ್ಪಿರಲಿಲ್ಲ; ಸಿಲಿಂಡರನ್ನು ಬಿಚ್ಚಿ ನೋಡದಿದ್ದುದೊಂದೇ ಕುಂದು.

ಕಾರು ಇಷ್ಟಾದರೂ ನಿಲ್ಲುತ್ತಿತ್ತಲ್ಲ ಎಂದು ಕೇಳಬಹುದು. ಈಗಿನ ಕಾರುಗಳ ಬ್ರೇಕಿನ ದ್ರವವು ಎರಡು ಬೇರೆ ಬೇರೆ ಮಾರ್ಗಗಳಲ್ಲಿ ಹರಿಯುತ್ತದೆ; ಒಂದು ಬರಿದಾದರೂ ಇನ್ನೊಂದು ಉಳಿಯುತ್ತದೆ. ಈ ಏರ್ಪಾಟು ಜೀವವುಳಿಸುವಂಥದು. ಆದರೆ ರೋಗವನ್ನು ಮರೆಮಾಡುವುದೂ ಇದೇ. ವೈರನ್ನು ಕಿತ್ತಿದ್ದರೆ, ಪೆಡಲು ಒಂದು ದಿನ ಏಕಾಏಕಿ ಕೆಳಗಿಳಿದಾಗಲೇ ಗೆಳೆಯರಿಗೆ ಸಂಗತಿ ತಿಳಿಯುತ್ತಿತ್ತು.

ಕಾರು ಎಬಿಎಸ್ ಉಳ್ಳದ್ದಾಗಿದ್ದರೆ ಹಳದಿಯ ದೀಪವೊಂದು ಬೇರೆ ಇರುತ್ತದೆ. 2019ರ ಏಪ್ರಿಲಿನಿಂದ ನಮ್ಮ ದೇಶದ ಹೊಸ ಕಾರುಗಳಿಗೆ ಅದು ಕಡ್ಡಾಯವಾಗಿದೆ. ಅಲ್ಲಿ ಪ್ರತಿ ಚಕ್ರದ ವೇಗವನ್ನೂ ಒಂದು ಸಂವೇದಕ ಅಳೆಯುತ್ತದೆ. ಕೆಲವು ಚಕ್ರಗಳ ಬೇರಿಂಗಿನ ಒಂದು ಮುಖದಲ್ಲಿ ಅಯಸ್ಕಾಂತದ ಉಂಗುರವಿರುತ್ತದೆ. ನೋಡಲು ಎರಡೂ ಮುಖಗಳು ಹೆಚ್ಚುಕಡಿಮೆ ಒಂದೇ ತೆರ. ತಿರುವುಮುರುವಾಗಿ ಕೂರಿಸಿದರೆ ಚಕ್ರ ಸುಖವಾಗಿ ತಿರುಗುತ್ತದೆ, ದೀಪ ಮಾತ್ರ ಆರುವುದಿಲ್ಲ. ಕೂರಿಸುವ ಮೊದಲು ಕಾಗದಕ್ಕೆ ಹಾಕುವ ಕ್ಲಿಪ್ಪೊಂದನ್ನು ಹಿಡಿದು ನೋಡಿದರೆ ಅಯಸ್ಕಾಂತದ ಮುಖ ಯಾವುದೆಂದು ತಿಳಿದುಬಿಡುತ್ತದೆ.

ಗೆಳೆಯರ ಕಾರಿಗೆ ಹಿಂದಿನ ಎರಡೂ ಸಿಲಿಂಡರುಗಳನ್ನೂ ಲೈನರುಗಳನ್ನೂ ಬದಲಿಸಿ, ಹಳೆಯ ದ್ರವವನ್ನೆಲ್ಲ ಹೊರಹಾಕಿ, ಗಾಳಿ ತೆಗೆದರು. ಮಿಸ್ತ್ರಿಯು ಪಾತ್ರೆಯ ಮೇಲೆ ದ್ರವದ ಮಟ್ಟಕ್ಕೆ ಸರಿಯಾಗಿ ಪೆನ್ನಿನಿಂದ ಒಂದು ಗೆರೆ ಎಳೆದು, “ತಿಂಗಳ ಬಿಟ್ಟ ನೋಡ್ರಿ” ಎಂದರು. ತಿಂಗಳ ಮೇಲೆ ಎಂಟು ದಿನ ಕಳೆದ ಬಳಿಕ ನಾನೇ ಬಾನೆಟ್ಟನ್ನು ಎತ್ತಿ ನೋಡಿದೆ. ದ್ರವವು ಗೆರೆಯಲ್ಲಿಯೇ ಇತ್ತು.